ಕಚ್ಚಿ ಕುಡಿದ ನೀರು

ಮುನವಳ್ಳಿ ಕಡೆಯಿಂದ ಎರಿಹಾಳಕ್ಕೆ ನಡೆದು ಬರುವವನಿಗೆ ಮೊದಲು ಸಿಗುವುದು ಊರಲ್ಲ, ಕೇರಿ. ಊರು ದಿಬ್ಬದ ಮೇಲೆ ಎತ್ತರಕ್ಕೆ ಕುಳಿತಿದೆ, ಕೇರಿ ಹಳ್ಳದ ಈಚೆ ದಂಡೆಗೆ. ಕೇರಿಯ ಮೊದಲನೆಯ ಮನೆ ರಾಯವ್ವನದು. ಮನೆ ಸಣ್ಣದು, ಅದರ ಮುಂದಿನ ಕಟ್ಟೆ ದೊಡ್ಡದು. ತ್ರ್ಯಂಬಕ ಮಾಸ್ತರರ ನೌಕರಿ ಶುರುವಾದದ್ದು ಶಾಲೆಯ ಕಟ್ಟಡದೊಳಗಲ್ಲ, ಆ ಕಟ್ಟೆಯ ಮೇಲೆ.

ತೊಂಬತ್ತೆರಡನೆಯ ಇಸವಿಯ ಜೂನ್ ತಿಂಗಳು. ಮಳೆ ಇನ್ನೂ ಮುಖ ತೋರಿಸಿರಲಿಲ್ಲ. ಇಪ್ಪತ್ತನಾಲ್ಕರ ಹುಡುಗ ಮಾಸ್ತರ, ರಾಮದುರ್ಗದ ಪಂಚಾಂಗ ಓದುವ ಮನೆತನದವರು, ಮುನವಳ್ಳಿಯಲ್ಲಿ ತಾಯಿಯ ಜೊತೆ ಬಾಡಿಗೆ ಮನೆ ಹಿಡಿದಿದ್ದರು. ಎರಿಹಾಳಕ್ಕೆ ಆಗ ಬಸ್ಸಿಲ್ಲ. ಕರಿ ಮಣ್ಣಿನ ಹೊಲಗಳ ನಡುವೆ ಬಿಸಿಲು ಹೊತ್ತುಕೊಂಡು ನಡೆದು ಬಂದವರಿಗೆ ಗಂಟಲು ಒಣಗಿ ಹಂಚಾಗಿತ್ತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸನ್ನು ಕಂಡು ನಿಂತರು.

"ಅವ್ವಾ, ಸ್ವಲ್ಪ ನೀರ ಕೊಡ್ರಿ."

ರಾಯವ್ವ ಮೊರ ಕೆಳಗಿಟ್ಟು, ಮಾಸ್ತರರ ಧೋತರದಿಂದ ಹಣೆಯ ಗಂಧದವರೆಗೂ ನೋಡಿದಳು.

"ನಾವ್ಯಾರನ್ನೂದು ಗೊತ್ತಿದ್ದ ಕೇಳಾಕ ಹತ್ತೀರೋ, ಗೊತ್ತಿಲ್ಲದ ಕೇಳಾಕ ಹತ್ತೀರೋ?"

"ಗೊತ್ತಿದ್ದೇ ಕೇಳಲಿಕ್ಕೆ ಹತ್ತೇನಿ."

ಅವಳು ಒಳಗೆ ಹೋಗಿ ಹಿತ್ತಾಳೆಯ ತಂಬಿಗೆ ತುಂಬಿಕೊಂಡು ಬಂದಳು. ಕೈಗೆ ಕೊಡಲಿಲ್ಲ. ಕಟ್ಟೆಯ ಅಂಚಿಗೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟಳು. "ಹಂಗಾರ ನೋಡೂಣು. ಎತ್ತಿ ಕುಡೀತೀರೋ, ಕಚ್ಚಿ ಕುಡೀತೀರೋ?"

ನಮ್ಮ ಕಡೆ ಪರರ ಮನೆಯ ನೀರನ್ನು ತಂಬಿಗೆ ಮೇಲೆತ್ತಿ, ತುಟಿಗೆ ತಾಗಿಸದೆ, ಗಂಟಲಿಗೆ ಸುರುವಿಕೊಂಡು ಕುಡಿಯುವುದು ರೂಢಿ. ತುಟಿ ಹಚ್ಚಿ ಕಚ್ಚಿ ಕುಡಿಯುವುದು ಸ್ವಂತ ಮನೆಯ ಪಾತ್ರೆಯಲ್ಲಿ ಮಾತ್ರ. ಇನ್ನು ಕೇರಿಯ ಮನೆಯಲ್ಲಿ ಎತ್ತಿ ಕುಡಿಯುವ ಮೇಲಿನ ಓಣಿಯವರೇ ಆ ಕಾಲಕ್ಕೆ ಇರಲಿಲ್ಲ, ಕಚ್ಚಿ ಕುಡಿಯುವ ಮಾತು ಎಲ್ಲಿಂದ ಬರಬೇಕು. ಮಾಸ್ತರರು ತಂಬಿಗೆ ತೆಗೆದುಕೊಂಡು ಕಚ್ಚಿದರು. ಗಟಗಟ ಕುಡಿದು ಅರ್ಧ ಉಳಿಸಿ ಕೆಳಗಿಟ್ಟರು. ರಾಯವ್ವ ಅದನ್ನು ಕೈಗೆ ತೆಗೆದುಕೊಂಡವಳೇ, ಅವರ ಕಣ್ಣೆದುರೇ, ಅದೇ ಅಂಚಿಗೆ ತನ್ನ ತುಟಿ ಹಚ್ಚಿ ಉಳಿದದ್ದನ್ನು ಕುಡಿದುಬಿಟ್ಟಳು.

"ಆತ ಬಿಡ್ರಿ. ನಿಮ್ಮ ಮಡೀನೂ ಹೋತು, ನನ್ನ ಅಂಜಿಕೀನೂ ಹೋತು. ನಾಳೆ ನನ್ನ ಹುಡುಗನ್ನ ಸಾಲಿಗೆ ಕಳಸ್ತೇನಿ."

ಮರುದಿನ ಏಳು ವರ್ಷದ ಹಣಮಂತಪ್ಪ ಮೂಗು ಸುರಿಸುತ್ತ ಬಂದು ಕುಳಿತ. ವಾರ ಮುಗಿಯುವುದರೊಳಗೆ ಕೇರಿಯ ಹನ್ನೊಂದು ಮಕ್ಕಳು ಬಂದಿದ್ದರು.

ನೀರು ಕುಡಿದ ಮೊದಲ ದಿನವೇ ಸುದ್ದಿ ಮಾಸ್ತರರಿಗಿಂತ ಮೊದಲು ಮುನವಳ್ಳಿ ಮುಟ್ಟಿತ್ತು. ತಾಯಿ ಕಮಲಾಬಾಯಿ ಅಂಗಳದಲ್ಲಿ ಮೂರು ಕೊಡ ನೀರು ಸಾಲಾಗಿ ಇಟ್ಟುಕೊಂಡು ನಿಂತಿದ್ದರು. "ಅಲ್ಲೇ ನಿಂದ್ರು ತ್ರ್ಯಂಬಕಾ. ಹೊಚ್ಚಲಾ ದಾಟಿದರ ನೋಡು." ಅರಿವೆಯ ಸಮೇತ ಮೂರೂ ಕೊಡ ತಲೆಯ ಮೇಲೆ ಬಿದ್ದವು. ಮಾಸ್ತರರು ತಾಯಿಗೆ ಎದುರು ಮಾತಾಡಲಿಲ್ಲ, ಮರುದಿನ ರಾಯವ್ವನ ತಂಬಿಗೆಯನ್ನೂ ಬಿಡಲಿಲ್ಲ. ಒಂದು ತಿಂಗಳು ಹೀಗೇ ನಡೆಯಿತು. ಆಮೇಲೆ ಕಮಲಾಬಾಯಿಯ ರಟ್ಟೆ ಸೋತವು. "ನೀ ಸುಧಾರಸೂ ಪೈಕಿ ಅಲ್ಲ. ಬಾವಿ ಬತ್ತಿಸಿ ನಾ ಏನ ಮಾಡ್ಲಿ?" ಎಂದು ಕೊಡ ಒಳಗಿಟ್ಟರು.

ಇಪ್ಪತ್ತೆಂಟು ವರ್ಷ ಮಾಸ್ತರರು ಅದೇ ಶಾಲೆಯಲ್ಲಿ ಉಳಿದರು. ಬಡ್ತಿಯ ಮೇಲೆ ಬೈಲಹೊಂಗಲಕ್ಕೆ ಕರೆದರೂ ಹೋಗಲಿಲ್ಲ. ಮದುವೆಯಾಯಿತು, ಮಗಳು ಭಾವನಾ ಹುಟ್ಟಿದಳು, ಬೈಲಹೊಂಗಲಕ್ಕೇ ಸೊಸೆಯಾಗಿ ಹೋದಳು, ಹೆಂಡತಿ ತೀರಿಕೊಂಡರು. ಮನೆಯಲ್ಲಿ ಮತ್ತೆ ತಾಯಿ ಮತ್ತು ಮಗ. ಮಕ್ಕಳ ಕೈಯನ್ನು ತಮ್ಮ ಕೈಯೊಳಗೆ ಹಿಡಿದು ಅಕ್ಷರ ತಿದ್ದಿಸುವುದು ಅವರ ಪದ್ಧತಿ; ಎರಿಹಾಳದಲ್ಲಿ ನಲವತ್ತು ದಾಟದ ಯಾರ ಅಕ್ಷರ ನೋಡಿದರೂ ಅದರೊಳಗೆ ಮಾಸ್ತರರ ಕೈ ಕಾಣುತ್ತದೆ. ದಿನಾ ಬೆಳಿಗ್ಗೆ ರಾಯವ್ವನ ಕಟ್ಟೆಗೆ ಒಂದು ನಿಮಿಷ ಕೂತು, ನೀರು ಕಚ್ಚಿ ಕುಡಿದು, ದಿಬ್ಬ ಹತ್ತುವುದು. ಆ ತಂಬಿಗೆಯ ಅಂಚು ಒಂದು ಕಡೆ ಜಜ್ಜಿತ್ತು. ಜಜ್ಜಿದ ಬಾಜುವನ್ನು ಬಿಟ್ಟು ಆಚೆ ಬಾಜುವಿಗೆ ತುಟಿ ಹಚ್ಚುವುದು ಅವರಿಗೆ ನೋಡದೆಯೇ ಬರುತ್ತಿತ್ತು.

ಒಂದು ಮುಳ್ಳು ಮಾತ್ರ ಅವರೊಳಗೆ ಉಳಿದಿತ್ತು. ಮೊದಲ ಶಿಷ್ಯ ಹಣಮಂತಪ್ಪ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ. ದೊಡ್ಡವನಾಗಿ ದಸರೆ ಮುಗಿದೊಡನೆ ಹೆಂಡತಿಯನ್ನು ಕರೆದುಕೊಂಡು ಕಬ್ಬು ಕಡಿಯುವ ಟೋಳಿಯ ಜೊತೆ ಕೊಲ್ಲಾಪುರದ ಕಡೆ ಹೋಗುವುದು, ಯುಗಾದಿಗೆ ತಿರುಗಿ ಬರುವುದು ಅವನ ಬಾಳಾಯಿತು. ಅವನ ಮಗಳು ದುರ್ಗಾ ಶಾಲೆಗೆ ಬಂದ ದಿನವೇ ಮಾಸ್ತರರು ಮನಸ್ಸಿನಲ್ಲಿ ಗಂಟು ಹಾಕಿದ್ದರು, ಇವಳನ್ನು ಬಿಡುವುದಿಲ್ಲ ಎಂದು. ಮೂರನೇ ಇಯತ್ತೆಗೇ ಇಪ್ಪತ್ತೈದರವರೆಗೂ ಮಗ್ಗಿ ಹೇಳುವ ಹುಡುಗಿ. ಐದು ಮುಗಿದ ಮೇಲೆ ಪರೀಕ್ಷೆ ಬರೆಸಿ ಸರಕಾರದ ವಸತಿ ಶಾಲೆಗೆ ಸೇರಿಸಿದರೆ ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ. ಕಬ್ಬಿನ ಗದ್ದೆಯ ದಾರಿ ಅವಳ ಪಾಲಿಗೆ ಅಲ್ಲಿಗೆ ಮುಚ್ಚುತ್ತದೆ.

ದುರ್ಗಾಳಿಗೆ ತಮ್ಮ ಹುಟ್ಟಿದ ಮೇಲೆ ಹಣಮಂತಪ್ಪ ಒಮ್ಮೆ ಬಾಯಿ ತೆರೆದಿದ್ದ. "ಎವ್ವಾ, ನಾವಿಬ್ಬರೂ ಕಡ್ಯಾಕ ಹ್ವಾದ್ರ ಕೂಸಿನ್ನ ಹಿಡ್ಯಾಕ ಯಾರರ ಬೇಕಲ್ಲ. ದುರ್ಗಿ ಬರಲಿ."

ರಾಯವ್ವ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. "ಕೂಸಿನ್ನೂ ನನ್ನ ಕಡೆ ಬಿಟ್ಟ ಹೋಗು. ಆಡಿನ ಹಾಲ ಕುಡಿಸಿ ಸಾಕತೇನಿ. ನಾ ಇರೂತನಕ ಆಕಿ ಸಾಲಿ ಬಿಡೂದಿಲ್ಲ. ನಿನ್ನ ಒಬ್ಬನ್ನ ಕಳಕೊಂಡದ್ದ ಸಾಕಾಗೇತಿ ಮಾಸ್ತರಗ."

ದುರ್ಗಾಳ ಶಾಲೆ ನಿಂತಿದ್ದು ಆ ಒಬ್ಬ ಮುದುಕಿಯ ಹಟದ ಮೇಲೆ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ರೋಗ ಬಂದಿತೆಂದು ಶಾಲೆಗೆ ಕೀಲಿ ಬಿತ್ತು. ಟೋಳಿಯವರು ಹೇಗೋ ನಡೆದು, ಟ್ರ್ಯಾಕ್ಟರು ಹತ್ತಿ ಊರು ಮುಟ್ಟಿದರು. ಎರಡು ತಿಂಗಳು, ಮೂರು ತಿಂಗಳು. ಮಕ್ಕಳು ಕಳೆ ತೆಗೆಯಲು ಹೋದರು, ಎಮ್ಮೆ ಕಾಯ್ದರು, ಹಳ್ಳದಲ್ಲಿ ಮೀನು ಹಿಡಿದರು. ಫೋನಿನಲ್ಲಿ ಪಾಠ ಎಂದು ಮೇಲಿನಿಂದ ಹೇಳಿದರು. ಅಂಥ ಫೋನು ಇದ್ದದ್ದು ಊರಿಗೆಲ್ಲ ಹತ್ತು ಮನೆಯಲ್ಲಿ, ಕೇರಿಯಲ್ಲಿ ಒಂದೂ ಇಲ್ಲ. ಜುಲೈ ಕಳೆದ ಮೇಲೆ ಆದೇಶ ಬಂತು: ಮಕ್ಕಳು ಶಾಲೆಗೆ ಬರುವುದು ಬೇಡ, ಮಾಸ್ತರರೇ ಓಣಿ ಓಣಿಗೆ ಹೋಗಿ ಕಟ್ಟೆಯ ಮೇಲೆ, ಗುಡಿಯ ಅಂಗಳದಲ್ಲಿ ಕಲಿಸಲಿ. ಆ ವರ್ಷ ಶಾಲೆಗಿದ್ದ ಇನ್ನೊಬ್ಬ ಶಿಕ್ಷಕಿ, ಬಾಯಿಯವರು, ಬಾಣಂತನಕ್ಕೆ ಹೋಗಿದ್ದರು. ಅರವತ್ತೊಂದು ಮಕ್ಕಳು, ನಾಲ್ಕು ಕಡೆ ಶಾಲೆ, ಮಾಸ್ತರರು ಒಬ್ಬರೇ.

ಅವರಿಗೆ ಐವತ್ತೆರಡು, ಸಕ್ಕರೆ ಕಾಯಿಲೆ ಬೇರೆ. ಆದರೂ ಆ ದಿನ ಅವರ ಹುಮ್ಮಸ್ಸು ನೋಡಬೇಕಿತ್ತು. ಕೊಡೆಯನ್ನೇ ಅಳತೆಗೋಲು ಮಾಡಿಕೊಂಡು, ಒಂದೊಂದು ಕೊಡೆಯ ಅಂತರಕ್ಕೆ ಸುಣ್ಣದಿಂದ ದುಂಡನೆಯ ಗೆರೆ ಎಳೆದರು. ಒಂದು ಗೆರೆಗೆ ಒಂದು ಮಗು. ಮಳೆ ಬಂದು ಅಳಿಸಿದರೆ ಮತ್ತೆ ಎಳೆಯುವುದು. ರಾಯವ್ವನ ಕಟ್ಟೆಯ ಗೆರೆಗಳ ಜವಾಬ್ದಾರಿ ಈಗ ಐದನೇ ಇಯತ್ತೆಗೆ ಬಂದ ದುರ್ಗಾಳದು. ಅವಳು ಬರೀ ಗೆರೆ ಎಳೆದು ಬಿಡುವವಳಲ್ಲ, ಸುತ್ತ ರಂಗೋಲಿಯ ಎಲೆ ಬಳ್ಳಿ ಬಿಡಿಸಿ ಪ್ರತಿ ಗೆರೆಯೊಳಗೂ ಮಗುವಿನ ಹೆಸರು ಬರೆಯುತ್ತಿದ್ದಳು.

ಮೇಲಿನ ಓಣಿಯ ಶಾಲೆ ನಡೆದದ್ದು ಮಡಿವಾಳೆಪ್ಪನ ಮನೆಯ ಮುಂದೆ. ಮಡಿವಾಳೆಪ್ಪ ಹೊಲಮನೆಯ ಧಣಿ, ಶಾಲಾ ಸಮಿತಿಯ ಅಧ್ಯಕ್ಷ, ಬಾಯಿ ಹರಿತ. "ಮಾಸ್ತರ, ಮಾಸ್ಕ ಮೂಗಿಗೆ ಹಾಕ್ಕೊಳ್ರಿ. ಗದ್ದಕ್ಕ ಜೋಳಿಗಿ ಕಟಿಗೊಂಡ ಭಿಕ್ಷಾ ಬೇಡಾಕ ಬಂದಂಗ ಕಾಣಸ್ತೀರಿ," ಎಂದು ನಗುತ್ತಿದ್ದ. ಆದೇಶದಲ್ಲಿ ಯಾರ ಮನೆಯ ನೀರನ್ನೂ ಕುಡಿಯಬಾರದೆಂದಿತ್ತು. ಮಾಸ್ತರರು ಒಂದು ಬಾಟಲಿ ಜೊತೆಗೆ ತರುತ್ತಿದ್ದರು. ಮಡಿವಾಳೆಪ್ಪನ ಹೆಂಡತಿ ನೀರು ಬೆಲ್ಲ ತಂದಾಗ ಬಾಟಲಿ ತೋರಿಸಿದರೆ ಆಯಿತು, ಅವರು ಹೌದೆಂದು ಒಳಗೆ ಹೋಗುತ್ತಿದ್ದರು. ಅವರ ಮನೆಯ ನೀರನ್ನು ಬೇಡವೆಂದವರು ಹಿಂದೆ ಯಾರೂ ಇರಲಿಲ್ಲ. ಹಾಗಾಗಿ ರೋಗದ ಸಲುವಾಗಿ ಬೇಡವೆಂದದ್ದು ರೋಗದ ಸಲುವಾಗಿ ಎಂದಷ್ಟೇ ಅವರಿಗೆ ಕೇಳಿಸಿತು.

ಕೇರಿಯಲ್ಲಿ ಹಾಗಾಗಲಿಲ್ಲ. ಮೊದಲನೆಯ ದಿನ ರಾಯವ್ವ ಎಂದಿನಂತೆ ತಂಬಿಗೆ ತಂದಿಟ್ಟಳು. ಮಾಸ್ತರರು ಚೀಲದಿಂದ ಬಾಟಲಿ ತೆಗೆದು ಕುಡಿದರು. ರಾಯವ್ವ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋಗಿ, ನೀರನ್ನು ತುಳಸಿಗೆ ಹಾಕುವಷ್ಟೇ ಮೆತ್ತಗೆ ಬಚ್ಚಲಿಗೆ ಚೆಲ್ಲಿದಳು. ಮಾರನೆಯ ದಿನ ತಂಬಿಗೆ ಹೊರಗೆ ಬರಲೇ ಇಲ್ಲ. ಮೂರನೆಯ ದಿನ ಬಂದದ್ದು ಹೊಸದಾಗಿ ತೊಳೆದ ಸ್ಟೀಲಿನ ಗ್ಲಾಸು, ಅದೂ ಕಟ್ಟೆಯ ತುದಿಗೆ. ರಾಯವ್ವ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು.

ಆ ಎರಡು ಹೆಜ್ಜೆ ಮಾಸ್ತರರಿಗೆ ಗುರುತು ಹತ್ತಿದವು. ಇಪ್ಪತ್ತೆಂಟು ವರ್ಷದ ಹಿಂದೆ ಮೊದಲ ದಿನ ಸರಿದು ನಿಂತ ಅವೇ ಎರಡು ಹೆಜ್ಜೆ.

"ರಾಯವ್ವ, ತಂಬಗಿ ಎಲ್ಲದ?"

"ಯಾಕ್ರಿ, ಬಾಟ್ಲಿ ನೀರ ತೀರಿತೇನು?"

"ಸರಕಾರದ ಹುಕುಮ್ ಅದ ಅಂತ ತಂದೇನವ್ವ."

"ಇರಬೇಕ ಬಿಡ್ರಿ. ನಮ್ಮ ಅಜ್ಜನ ಕಾಲಕ್ಕೂ ಯಾರದೋ ಹುಕುಮ್ ಇತ್ತು."

ಮಾಸ್ತರರು ಹಿಂದೆ ತಿರುಗಿ ನೋಡಿದರು. ಕಟ್ಟೆಯ ಮೇಲೆ ಗೆರೆಯೊಳಗೆ ಕುಳಿತ ಹದಿನಾಲ್ಕು ಮಕ್ಕಳು ನೋಡುತ್ತಿದ್ದವು. ಈ ಮಕ್ಕಳಿಗೆ ಇಂದು ಏನು ಪಾಠ ಮಾಡಿದೆ ನಾನು ಎಂದುಕೊಂಡರು. ಮಾಸ್ಕನ್ನು ಗದ್ದಕ್ಕೆ ಎಳೆದು, "ಹೋಗು, ತಗೊಂಡ ಬಾ," ಎಂದರು. ತಂಬಿಗೆ ಬಂತು. ಜಜ್ಜಿದ ಬಾಜು ಬಿಟ್ಟು ಕಚ್ಚಿ ಕುಡಿದರು. ರಾಯವ್ವ ಉಳಿದದ್ದನ್ನು ತಾನು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಾಟ್ಲ್ಯಾಗಿನ ನೀರ ಸಪ್ಪಗ ಇರತಾವಂತ ನಮ್ಮ ದುರ್ಗಿ ಅಂತಾಳ. ಖರೇ ಏನ್ರಿ?" ಎಂದು ಹಳೆಯ ರಾಯವ್ವನಾದಳು.

ಅಂದಿನಿಂದ ಮೇಲಿನ ಓಣಿಯಲ್ಲಿ ಬಾಟಲಿ, ಕೇರಿಯಲ್ಲಿ ತಂಬಿಗೆ.

ಮನೆಯಲ್ಲಿ ಎಂಬತ್ತು ದಾಟಿದ ತಾಯಿ. ಮಾಸ್ತರರು ಅವರ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಎರಿಹಾಳದಿಂದ ಬಂದೊಡನೆ ಅಂಗಳದಲ್ಲೇ ಅರಿವೆ ಕಳಚಿ, ಸಾಬೂನು ಹಚ್ಚಿ ತಲೆಯ ಮೇಲಿಂದ ನೀರು ಹಾಕಿಕೊಂಡೇ ಒಳಗೆ ಹೋಗುವುದು. ಬೇರೆ ತಟ್ಟೆ, ಬೇರೆ ಲೋಟ, ಪಡಸಾಲೆಯ ಆ ತುದಿಗೆ ಹಾಸಿಗೆ. ಕಮಲಾಬಾಯಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತ ಬೊಚ್ಚು ಬಾಯಿ ತೆರೆದು ನಗುತ್ತಿದ್ದರು. "ಆವಾಗ ನಾ ಮೂರ ಕೊಡಾ ಹಾಕಿದರ ಸಿಟ್ಟ ಮಾಡ್ತಿದ್ದಿ. ಈಗ ನೋಡು, ಐದ ಕೊಡಾ ನೀನ ಹಾಕ್ಕೊಳ್ಳಿಕ್ಕೆ ಹತ್ತಿ."

ಮಾಸ್ತರರೂ ನಗುತ್ತಿದ್ದರು. ಆಗ ಅದು ನಗುವ ಮಾತೇ ಆಗಿತ್ತು.

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ವಸತಿ ಶಾಲೆಯ ಅರ್ಜಿ ಕೈಗೆ ಬಂದಿದೆ, ದುರ್ಗಾಳ ಫೋಟೋ ಅಂಟಿಸಿ ಆಗಿದೆ. ಹಣಮಂತಪ್ಪ ಹೆಂಡತಿಯ ಸಂಗಡ ಹೊಲದ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರಿಂದ ಪಾಲಕರ ಜಾಗದಲ್ಲಿ ರಾಯವ್ವನ ಹೆಬ್ಬೆಟ್ಟು ಬೇಕಿತ್ತು. ಆ ಬೆಳಿಗ್ಗೆ ಕಮಲಾಬಾಯಿ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟರು. ಚುಂಯ್ ಎಂದ ಸದ್ದು ಮಾಸ್ತರರಿಗೆ ಕೇಳಿಸಿತು, ವಾಸನೆ ಬರಲಿಲ್ಲ. ಬಾಂಡೆಯ ಹತ್ತಿರ ಮೂಗು ಒಯ್ದರೂ ಇಲ್ಲ. ಹಿಂದಿನ ದಿನ ಮಳೆಯಲ್ಲಿ ತೊಯ್ದಿದ್ದಾರೆ, ನೆಗಡಿ ಎಂದುಕೊಂಡರು. ವಾಸನೆ ಹೋಗುವುದೂ ಆ ರೋಗದ ಗುರುತೆಂದು ಪತ್ರಿಕೆಯಲ್ಲಿ ಓದಿದ್ದರು. ಓದಿದ್ದು ನೆನಪಿಗೂ ಬಂತು. ಆದರೂ ಅರ್ಜಿಗೆ ಇನ್ನು ಎರಡೇ ದಿನ ಉಳಿದಿತ್ತು. ಹೋದರು.

ರಾಯವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಕಾಗದದ ಮೇಲೆ ಒತ್ತಿದಳು. ಒತ್ತಿದ ಕೈಯನ್ನು ಎಷ್ಟೋ ಹೊತ್ತು ತೆಗೆಯಲಿಲ್ಲ.

"ಇಷ್ಟ ಒತ್ತಿದ್ರ ಸಾಕೇನ್ರಿ? ಆಮ್ಯಾಲ ಕಾಣಸಲಿಲ್ಲ ಅಂದಾರು."

"ಸಾಕವ್ವ. ಬೆಳಗಾವಿಗೆ ಕಾಣಸೂವಷ್ಟ ಮೂಡೇದ."

"ಇಲ್ಲೆ ಓದಾಕತ್ತರ ಒಬ್ಬಾಕಿ. ಅಲ್ಲಿ ಹ್ವಾದ್ರ ನೂರ ಮಂದ್ಯಾಗ ಒಬ್ಬಾಕಿ ಆಗತಾಳ. ಅಂಜತಾಳೇನೋ."

"ನಿನ್ನ ಮೊಮ್ಮಗಳು ಅಂಜತಾಳೇನು? ಉಳದವ್ರ ಅಂಜಬೇಕು."

ಅವಳು ತೃಪ್ತಿಯಿಂದ ನಕ್ಕು ತಂಬಿಗೆ ತಂದಳು. ಮಾಸ್ತರರು ಕಚ್ಚಿ ಕುಡಿದು ಅರ್ಧ ಇಟ್ಟರು. ರಾಯವ್ವ ಅದನ್ನು ಎತ್ತಿಕೊಂಡು ಕುಡಿದಳು. ಮಾಸ್ತರರು ನೋಡುತ್ತಲೇ ಇದ್ದರು. ಸಾವಿರಾರು ಸಲ ನೋಡಿದ್ದೇ.

ಎರಡು ದಿನಕ್ಕೆ ಜ್ವರ ಏರಿತು, ಐದನೆಯ ದಿನಕ್ಕೆ ಉಸಿರು ಕಟ್ಟತೊಡಗಿತು. ಭಾವನಾ ಬೈಲಹೊಂಗಲದಿಂದ ಗಾಡಿ ಮಾಡಿಕೊಂಡು ಬಂದು ತಂದೆಯನ್ನು ಆಸ್ಪತ್ರೆಗೆ ಒಯ್ದಳು. ಮುನವಳ್ಳಿಯ ಮನೆಯ ಬಾಗಿಲಿಗೆ ಯಾರೂ ಒಳಗೆ ಹೋಗಬಾರದೆಂದು ಚೀಟಿ ಅಂಟಿಸಿದರು. ಕಮಲಾಬಾಯಿಗೆ ತಪಾಸಣೆ ಮಾಡಿದರೆ ಏನೂ ಇರಲಿಲ್ಲ. ಅಂಗಳದಲ್ಲಿ ಸುರಿದುಕೊಂಡ ನೀರು, ಬೇರೆ ಲೋಟ, ಬೇರೆ ತಟ್ಟೆ ತಾಯಿಯನ್ನು ಕಾಯ್ದಿದ್ದವು.

ಮೂಗಿಗೆ ಆಮ್ಲಜನಕದ ನಳಿಕೆ ಇದ್ದಾಗಲೇ ಮಡಿವಾಳೆಪ್ಪನ ಫೋನು ಬಂತು. ಯಾವಾಗಲೂ ಚೇಷ್ಟೆ ಮಾಡುವ ಮನುಷ್ಯ ಅಂದು ಮಾತಿಗಾಗಿ ತಡವರಿಸಿದ.

"ಮಾಸ್ತರ... ಆರಾಮ ಆಗೇರೇನ್ರಿ?"

"ಹೇಳ್ರಿ ಧಣಿ. ಏನೋ ಆಗೇದ."

"ಕೆಳಗಿನ ರಾಯವ್ವ ಹ್ವಾದ್ಲರೀ. ನಾಕ ದಿನ ಜ್ವರ ಬಂದಿತ್ತಂತ. ಕಷಾಯ ಕುಡಕೋತ ಕುಂತಿದ್ಲಂತ. ನಿನ್ನೆ ಮುಂಜಾನೆ ಕಟ್ಟಿ ಮ್ಯಾಲ ಕುಂತಾಕಿ ಕುಂತಂಗ..."

ಮಾಸ್ತರರು ನಳಿಕೆಯನ್ನು ಕಿತ್ತು ಎದ್ದು ಕುಳಿತರಂತೆ. ನರ್ಸ್ ಬಂದು ಬೈದು ಮಲಗಿಸಿದಳಂತೆ. ಅದು ಅವರಿಗೆ ನೆನಪಿಲ್ಲ. ನೆನಪಿದ್ದದ್ದು ಒಂದೇ. ತಾವು ಕೆಳಗಿಟ್ಟ ತಂಬಿಗೆ, ಅದನ್ನು ಎತ್ತಿಕೊಂಡ ಮಸಿ ಹತ್ತಿದ ಹೆಬ್ಬೆಟ್ಟು, ಅಂಚಿಗೆ ಹತ್ತಿದ ತುಟಿ.

ರಾಯವ್ವನ ತಪಾಸಣೆ ಆಗಿರಲಿಲ್ಲ. ಎಂದೋ ಒಂದು ದಿನ ಸಂತೆಗೆ ಹೋಗಿದ್ದಳೆಂದು ಕೆಲವರು, ಯಾವುದೋ ಮದುವೆಯಿಂದ ಬಂದವರ ಮನೆಗೆ ಹೋಗಿದ್ದಳೆಂದು ಕೆಲವರು ಅಂದರು. ಮಾಸ್ತರರ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ಯಾರಾದರೂ ಬೈದಿದ್ದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಮಾತಾಡುವಷ್ಟು ಉಸಿರು ಬಂದ ದಿನ ಹಣಮಂತಪ್ಪನಿಗೆ ಫೋನು ಹಚ್ಚಿಸಿದರು. ದಸರೆ ಮುಗಿದಿತ್ತು.

"ಹಣಮಂತಾ, ದುರ್ಗಾನ್ನ ಒಯ್ಯಬ್ಯಾಡೋ. ಅರ್ಜಿ ಕೊಟ್ಟಾಗೇದ."

"ಯಾರ ಕಡೆ ಬಿಟ್ಟ ಹೋಗಲ್ರಿ ಸರ? ಎವ್ವಾ ಇದ್ಲು, ಬಿಡ್ತಿದ್ದೆ."

"ನನ್ನ ಮನ್ಯಾಗ ಬಿಡು. ನನ್ನ ಮಗಳಂಗ ಇರತಾಳ."

"ನಿನ್ನೆ ನಿಮ್ಮ ಮನೀ ತನಕ ಬಂದಿದ್ದೆರಿ. ಬಾಗಲಕ್ಕ ಚೀಟಿ ಹಚ್ಯಾರ. ಬಾಜೂದವರು ನನ್ನ ಹಾದ್ಯಾಗ ನಿಂದ್ರಿಸಿದ್ರು, ಆ ಮನಿಗೆ ಯಾರೂ ಹೋಗಂಗಿಲ್ಲ ಅಂದ್ರು. ದುರ್ಗೀನೂ ಬಂದಿದ್ಲು. ದೂರಿಂದ ನಿಮ್ಮ ಮನಿಗೆ ಕೈ ಮುಗದ ಬಂದ್ವಿ."

ಆ ಚೀಟಿ ಬಹಳ ಹಿಂದೆಯೇ ಹರಿಯಬೇಕಿತ್ತು, ಹರಿಯಲು ಯಾರೂ ಮುಂದೆ ಬಂದಿರಲಿಲ್ಲ ಅಷ್ಟೇ. ಟೋಳಿಯ ಟ್ರ್ಯಾಕ್ಟರು ಮರುದಿನ ಬೆಳಿಗ್ಗೆ ಹೊರಟುಹೋಯಿತು. ಕಟ್ಟೆಯ ಶಾಲೆಗಳೂ ಅದೇ ತಿಂಗಳು ನಿಂತವು. ಮಾಸ್ತರರು ಕೋಲೂರಿಕೊಂಡು ಎರಿಹಾಳಕ್ಕೆ ಬಂದಾಗ ರಾಯವ್ವನ ಮನೆಗೆ ಕೀಲಿ. ಕಟ್ಟೆಯ ಮೇಲೆ ಹದಿನಾಲ್ಕು ಸುಣ್ಣದ ಗೆರೆ ಮಾಸಿ ಉಳಿದಿದ್ದವು. ಒಂದರೊಳಗೆ ದುರ್ಗಾ ಎಂದು ಓದಲು ಬರುತ್ತಿತ್ತು.

ಆ ಚಳಿಗಾಲ ಅವರು ಹಣಮಂತಪ್ಪನ ಫೋನಿಗೆ ದಿನವೂ ಹಚ್ಚಿದರು. ಹತ್ತಿದ್ದು ಎರಡು ಸಲ. ನಡು ಸೀಜನ್ನಿನಲ್ಲಿ ಟೋಳಿ ಬಿಟ್ಟು ಬರಲು ಮುಂಗಡ ಕೊಟ್ಟ ಮುಕಾದಮ ಬಿಡುವುದಿಲ್ಲ ಎಂದ. ರೋಗದಿಂದ ಮುಂದೆ ಹೋಗಿದ್ದ ವಸತಿ ಶಾಲೆಯ ಪರೀಕ್ಷೆ ಕೊನೆಗೊಮ್ಮೆ ನಡೆಯಿತು. ದುರ್ಗಾಳ ಪ್ರವೇಶ ಪತ್ರ ಮಾಸ್ತರರ ಚೀಲದಲ್ಲೇ ಉಳಿಯಿತು.

ಒಂದು ಸಂಜೆ ಕಮಲಾಬಾಯಿ ಮಗನನ್ನು ಎದುರಿಗೆ ಕೂಡಿಸಿಕೊಂಡರು. "ನೀ ಊಟಾ ಬಿಟ್ಟಿ, ಮಾತ ಬಿಟ್ಟಿ. ಎಲ್ಲಾ ನೋಡ್ಲಿಕ್ಕೆ ಹತ್ತೇನಿ. ಆ ಹುಡುಗಿ ಬಂದ ಮ್ಯಾಲ ಕರಕೊಂಡ ಬಾ. ಇಲ್ಲೇ ಆರನೇತ್ತೆಗೆ ಹಚ್ಚು. ನನ್ನ ಖೋಲಿಯೊಳಗ ಮಲಗಲಿ."

"ಅವ್ವಾ, ನಿನ್ನ ಮಡಿ?"

"ನನ್ನ ಮಡಿ ನನ್ನ ಉಳಿಸ್ತು. ಆ ರಾಯವ್ವನ್ನ ಉಳಿಸಲಿಲ್ಲ. ಇನ್ನ ಅದನ್ನ ತಗೊಂಡ ಏನ ಮಾಡೂದದ?" ಎಂದು ಮುದುಕಿ ಮುಖ ತಿರುಗಿಸಿಕೊಂಡರು.

ಯುಗಾದಿ ಕಳೆದು ಎರಡು ವಾರಕ್ಕೆ ಟೋಳಿ ಬಂದ ಸುದ್ದಿ ಬಂತು. ಅಷ್ಟರಲ್ಲಿ ರೋಗ ಮತ್ತೆ ಎದ್ದಿತ್ತು, ಈ ಸಲ ಮೊದಲಿಗಿಂತ ಜೋರಾಗಿ. ಮಾಸ್ತರರು ಎರಡೆರಡು ಮಾಸ್ಕ್ ಕಟ್ಟಿಕೊಂಡು ಬಿಸಿಲಲ್ಲಿ ನಡೆದರು. ಚೀಲದಲ್ಲಿ ಆರನೇ ಇಯತ್ತೆಯ ಪುಸ್ತಕಗಳು, ಒಂದು ಹೊಸ ಫ್ರಾಕು.

ದುರ್ಗಾ ಕಟ್ಟೆಯ ಮೇಲೆ ಕುಳಿತಿದ್ದಳು, ತಮ್ಮ ಸೊಂಟದ ಮೇಲೆ. ಒಂದೇ ಆರು ತಿಂಗಳಲ್ಲಿ ಗಲ್ಲ ಒಳಗೆ ಹೋಗಿ, ಹೆಂಗಸಿನ ಮುಖ ಬಂದುಬಿಟ್ಟಿತ್ತು. ಮುಂಗೈ ತುಂಬ ಕಬ್ಬಿನ ಒಣಗಿದ ಗರಿ, ರವದಿ, ಗೀರಿದ ಗೆರೆಗಳು. ಮಾಸ್ತರರನ್ನು ಕಂಡು ಎದ್ದು ನಿಂತಳು, ನಗಲಿಲ್ಲ. ಹಣಮಂತಪ್ಪ ಒಳಗಿನಿಂದ ಬಂದು ಕಂಬಕ್ಕೆ ಒರಗಿದ.

ಮಾಸ್ತರರು ಕೊಡೆಯ ಅಂತರ ಬಿಟ್ಟು ನಿಂತೇ ಮಾತಾಡಿದರು. ತಾಯಿ ಒಪ್ಪಿದ್ದನ್ನು, ಖೋಲಿಯನ್ನು, ಮುನವಳ್ಳಿಯ ಶಾಲೆಯನ್ನು ಎಲ್ಲ ಹೇಳಿದರು. ಕೊನೆಗೆ ಹುಡುಗಿಯ ಮುಖದ ಬಿಗಿ ಸಡಿಲಿಸಲೆಂದು, "ಹದಿನೇಳರ ಮಗ್ಗಿ ಹೇಳ ನೋಡೂಣು," ಎಂದರು.

"ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು, ಮೂರ್ಲೆ ಐವತ್ತೊಂದು, ನಾಕ್ಲೆ ಅರವತ್ತೆಂಟು, ಐದ್ಲೆ ಎಂಬತ್ತೈದು..." ಅಲ್ಲಿಗೆ ನಿಂತಳು. ತುಟಿ ಮೂರು ಸಲ ಆಡಿತು. ಮಾಸ್ತರರು ಕಾಯ್ದರು. ತಮ್ಮ ಕುಸುಕುಸು ಎಂದ, ಅವಳು ಅವನನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು.

"ಮರತೇತ್ರಿ ಸರ."

"ಇರಲಿ, ಮತ್ತ ಬರತದ. ನೀ ಬಂದಬಿಡು."

ಹಣಮಂತಪ್ಪ ನೆಲ ನೋಡುತ್ತ ಹೇಳಿದ. "ಸರ, ನೀವು ಹೇಳಿದ್ದಕ್ಕ ಎದುರಾಡಾಕ ನನಗ ಬಾಯಿಲ್ಲ. ಆಕೀನ ಕೇಳ್ರಿ. ಬರತೇನಿ ಅಂದ್ರ ಒಯ್ರಿ."

ದುರ್ಗಾ ಬಹಳ ಹೊತ್ತು ಮಾಸ್ತರರ ಚೀಲವನ್ನೇ ನೋಡಿದಳು. ಪುಸ್ತಕದ ಮೂಲೆ ಹೊರಗೆ ಕಾಣುತ್ತಿತ್ತು. "ಒಲ್ಲೆರಿ. ಅವ್ವಗ ಮತ್ತ ದಿನಾ ಹೋಗ್ಯಾವ, ಇನ್ನೊಂದ ಕೂಸ ಬರತೈತಿ. ಗದ್ದ್ಯಾಗ ತಮ್ಮನ್ನ ಹಿಡ್ಯಾಕ ಯಾರೂ ಇಲ್ಲ. ಆಯಿ ಇದ್ದಿದ್ರ ಬರತಿದ್ದೆ."

ರಾಯವ್ವ ಇದ್ದಿದ್ದರೆ. ಮಾಸ್ತರರು ಚೀಲ ಕೆಳಗಿಟ್ಟು ಕಟ್ಟೆಯ ತುದಿಗೆ ಕುಳಿತರು. ಹುಡುಗಿ ಒಳಗೆ ಹೋದಳು, ಬರುವಾಗ ಒಂದು ಕೈಯಲ್ಲಿ ತಮ್ಮ, ಇನ್ನೊಂದು ಕೈಯಲ್ಲಿ ಅಂಚು ಜಜ್ಜಿದ ಹಿತ್ತಾಳೆಯ ತಂಬಿಗೆ. ಬಂದವರಿಗೆ ನೀರು ಕೊಡಬೇಕೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ಮಾಸ್ತರರು ತಂಬಿಗೆ ತೆಗೆದುಕೊಂಡರು. ಮಾಸ್ಕ್ ಎಳೆದರು. ತುಟಿಯ ಹತ್ತಿರ ಬಂದ ಅಂಚು ಅಲ್ಲೇ ನಿಂತಿತು. ಮೆಲ್ಲಗೆ ಅದನ್ನು ಮೇಲೆತ್ತಿದರು. ಇಪ್ಪತ್ತೆಂಟು ವರ್ಷ ಎತ್ತಿ ಕುಡಿದು ರೂಢಿ ಇಲ್ಲದ ಕೈ. ನೀರು ಬಾಯಿ ತಪ್ಪಿ ಮೂಗಿಗೆ, ಗದ್ದಕ್ಕೆ, ಅಂಗಿಯ ಮೇಲೆ ಸುರಿಯಿತು. ನೆತ್ತಿಗೇರಿ ಕೆಮ್ಮು ಬಂತು. ಹುಡುಗಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು.

"ಯಾಕ ಎತ್ತಿದ್ರಿ ಸರ?"

ಮಾಸ್ತರರು ಅವಳನ್ನು ನೋಡಲಿಲ್ಲ. "ದುರ್ಗಾ, ಅವತ್ತ ಅರ್ಜಿಗೆ ಹೆಬ್ಬಟ್ಟ ಒತ್ತಿದ ದಿನ, ನಾ ಕಚ್ಚಿ ಕುಡದ ನೀರ ನಿಮ್ಮ ಆಯಿ ಕುಡದಳು. ನನಗ ಮೈಯೊಳಗ ಜಡ್ಡ ಇತ್ತು. ಸಂಶೆ ಬಂದಿತ್ತು, ಆದರೂ ಬಂದೆ."

ಕಂಬಕ್ಕೆ ಒರಗಿದ್ದ ಹಣಮಂತಪ್ಪ ಮನೆಯ ಹಿಂದಕ್ಕೆ ನಡೆದುಬಿಟ್ಟ. ದುರ್ಗಾ ಅಲ್ಲೇ ನಿಂತಳು.

"ಗೊತ್ತೈತ್ರಿ. ಆಯಿ ಜ್ವರದಾಗ ಅಂದಿದ್ಲು. ಮಾಸ್ತರಗ ಆರಾಮಿಲ್ಲಂತ, ಆದ್ರೂ ನಮ್ಮ ಮನಿ ನೀರ ಬಿಡಲಿಲ್ಲ ನೋಡ, ಅಂತ."

ಅದನ್ನು ಅವಳು ಹೆಮ್ಮೆಯಿಂದ ಹೇಳಿದಳೋ, ಬರೀ ಹೇಳಿದಳೋ, ಮಾಸ್ತರರಿಗೆ ತಿಳಿಯಲಿಲ್ಲ. ಅವಳು ನೀರು ಚೆಲ್ಲಿಹೋದ ತಂಬಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ, ಮತ್ತೆ ಕಂಠದವರೆಗೆ ತುಂಬಿ ತಂದು, ಅವರ ಪಕ್ಕದಲ್ಲಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿಯಲಿಲ್ಲ. ಹತ್ತಿರವೇ ನಿಂತಳು.

"ಈಗರ ಕುಡೀರಿ."

ಕಚ್ಚಿದರೆ, ಉಳಿದದ್ದನ್ನು ಕುಡಿಯುವ ಹುಡುಗಿ, ಅವಳ ಸೊಂಟದ ಮೇಲಿನ ಕೂಸು ಕಣ್ಣೆದುರು. ಬಿಟ್ಟರೆ ಎರಡು ಹೆಜ್ಜೆ ಹಿಂದೆ ಸರಿದ ರಾಯವ್ವ ಎದುರು. ಮಾಸ್ತರರ ಕೈ ತಂಬಿಗೆಯ ಹೊಟ್ಟೆಯ ಮೇಲೆ ಇತ್ತು, ತಣ್ಣಗೆ. ನೆರಳು ಕಟ್ಟೆ ಇಳಿದು ಹಾದಿಗೆ ಬಂತು. ಒಳಗಿನಿಂದ ದುರ್ಗಾಳ ತಾಯಿ ಕರೆದಳು, "ದುರ್ಗೀ, ಹಿಟ್ಟ ನಾದ ಬಾ." ಹುಡುಗಿ ಇನ್ನೊಂದು ಕ್ಷಣ ಕಾಯ್ದಳು. ಆಮೇಲೆ ಬಗ್ಗಿ ತಂಬಿಗೆಯನ್ನು ಎತ್ತಿಕೊಂಡು, ಚೆಲ್ಲದ ಹಾಗೆ ಜೋಪಾನವಾಗಿ ಹಿಡಿದು, ಹೊಸ್ತಿಲು ದಾಟಿದಳು.

ಆ ಮನೆಯಿಂದ ಮಾಸ್ತರರಿಗೆಂದು ಹೊರಗೆ ಬಂದ ತಂಬಿಗೆ ತುಂಬಿದ್ದು ತುಂಬಿದಂತೆಯೇ ಒಳಗೆ ಹೋಯಿತು.